ಒಬ್ಬಳೇ ಆಟಗಾರ್ತಿ, ಅದೂ ರೋಗ್: ನನ್ನ ಕ್ಯಾಂಪೇನ್ ಗಟ್ಟಿಯಾಗಿ ನಿಂತದ್ದು ಹೀಗೆ

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್) ಅಂದರೆ ಡೈಸ್ ಉರುಳಿಸಿ, ಮಾತಿನಲ್ಲೇ ಕತೆ ಕಟ್ಟಿ ಆಡುವ ಪಾತ್ರಗಳ ಆಟ. ಅದರಲ್ಲಿ ಒಬ್ಬಳಿಗೇ ಕ್ಯಾಂಪೇನ್, ಅಂದರೆ ಹಲವು ಸೆಷನ್ (ಕೂತು ಆಡುವ ಸಲ) ನಡೆಯುವ ಉದ್ದನೆಯ ಕತೆ, ನಡೆಸುತ್ತೇನೆ ಅಂದಾಗ ಜೊತೆಯ ಡಿಎಂಗಳು (ಆಟ ನಡೆಸುವವರು) ಬೇಡ ಅಂದರು. ಅವಳು ಆಡುವುದು ರೋಗ್ (ಕದ್ದುಮುಚ್ಚಿ ಕೆಲಸ ಮಾಡುವ ಕಳ್ಳಿಯ ಪಾತ್ರ) ಅಂತ ಗೊತ್ತಾದ ಮೇಲಂತೂ "ಗಾಯ ವಾಸಿ ಮಾಡೋ ಕ್ಲೆರಿಕ್ ಕೊಡು, ಕವಚ ತೊಟ್ಟು ಹೊಡೆದಾಡೋ ಪ್ಯಾಲಡಿನ್ ಆದ್ರೂ ಕೊಡು, ರೋಗ್ ಆದ್ರೆ ಎರಡನೇ ಸೆಷನ್‌ಗೇ ಸಾಯ್ತಾಳೆ" ಅಂತ ಒಬ್ಬರಾದ ಮೇಲೊಬ್ಬರು ಹೇಳಿದರು. ಒಂದೂವರೆ ವರ್ಷದ ಮೇಲಾಯಿತು. ಆ ರೋಗ್ ಈಗ ಒಂಬತ್ತನೇ ಲೆವೆಲ್. ಹೇಗೆ ಮಾಡಿದೆ ಅಂತ ಈಗ ಅವರೇ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಡಿ ಅಂಡ್ ಡಿ ಐದನೇ ಆವೃತ್ತಿ, 2014ರ ನಿಯಮ, ಜೊತೆಗೆ 2020ರಲ್ಲಿ ಬಂದ ಐಚ್ಛಿಕ ನಿಯಮಗಳಲ್ಲಿ ಒಂದೆರಡು.

ಮೊದಲು ಒಂದು ಸಿದ್ಧ ಅಡ್ವೆಂಚರ್ ತೆಗೆದುಕೊಂಡು ಇದ್ದ ಹಾಗೇ ನಡೆಸಿದೆ. ನಾಲ್ಕು ಗಾಬ್ಲಿನ್ (ಕುಳ್ಳ ದುಷ್ಟ ಜೀವಿಗಳು), ಇವಳು ಒಬ್ಬಳು. ಲೆದರ್ ಕವಚ ತೊಟ್ಟರೂ ಎಸಿ (ಅವಳಿಗೆ ಏಟು ತಾಗಲು ಶತ್ರುವಿಗೆ ಬೇಕಾದ ಒಟ್ಟು) 14, ಎಚ್‌ಪಿ (ತಾಳಬಲ್ಲ ಪೆಟ್ಟು) 10. ಗಾಬ್ಲಿನ್‌ಗೆ ಹೊಡೆತದಲ್ಲಿ 4 ಸೇರುತ್ತದೆ, ಅಂದರೆ ಇಪ್ಪತ್ತು ಮುಖದ ಡೈಸ್‌ನಲ್ಲಿ 10 ಬಂದರೆ ಸಾಕು. ನಾಲ್ಕೂ ಸೇರಿ ಒಂದೇ ಸುತ್ತಿನಲ್ಲಿ ಸರಾಸರಿ 12ರಷ್ಟು ಡ್ಯಾಮೇಜ್. ಮೊದಲನೇ ಸುತ್ತಿಗೇ ಬಿದ್ದಳು. ಎಬ್ಬಿಸುವವರು ಯಾರೂ ಇಲ್ಲ, ಡೆತ್ ಸೇವ್ (ಬದುಕುತ್ತಾಳೋ ಸಾಯುತ್ತಾಳೋ ಅನ್ನುವ ಡೈಸ್) ಉರುಳಿಸುತ್ತಾ ಕೂರುವುದು ಆಟವಲ್ಲ. ಗಾಬ್ಲಿನ್ ಎರಡಕ್ಕಿಳಿಸಿ ನೋಡಿದೆ. ಬದುಕಿದಳು, ಆದರೆ ಸ್ನೀಕ್ ಅಟ್ಯಾಕ್ (ರೋಗ್‌ಗೆ ಸಿಗುವ ಹೆಚ್ಚುವರಿ ಡ್ಯಾಮೇಜ್) ಒಂದು ಸಲವೂ ಸಿಗಲಿಲ್ಲ. ಶತ್ರುವಿನ ಐದಡಿಯೊಳಗೆ ಜೊತೆಗಾರ ಬೇಕು, ಇಲ್ಲಾ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ) ಬೇಕು. ಒಬ್ಬಳೇ ಇದ್ದಾಗ ಮೊದಲ ಎರಡು ಲೆವೆಲ್‌ನಲ್ಲಿ ಎರಡೂ ಕಷ್ಟ. ಎರಡನೇ ಲೆವೆಲ್‌ಗೆ ಬೋನಸ್ ಆ್ಯಕ್ಷನ್‌ನಲ್ಲಿ, ಅಂದರೆ ಅದೇ ಸರದಿಯ ಹೆಚ್ಚುವರಿ ಕೆಲಸವಾಗಿ, ಅಡಗಬಹುದು, ಮೂರಕ್ಕೆ ಸ್ಟೆಡಿ ಏಮ್ (ನಿಂತಲ್ಲೇ ಗುರಿಯಿಟ್ಟು ಅಡ್ವಾಂಟೇಜ್ ಪಡೆಯುವುದು) ಬರುತ್ತದೆ. ಅಲ್ಲಿಯವರೆಗೆ ಅವಳನ್ನು ಉಳಿಸುವುದೇ ಕೆಲಸ.

ಎಲ್ಲರೂ ಹೇಳುವ ಸೈಡ್‌ಕಿಕ್ ಕೊಟ್ಟೆ, ಕತ್ತಿ ಹಿಡಿದ ಕೂಲಿ ಸಿಪಾಯಿ. ಆಡಿಸುವುದು ಅವಳೇ ಆದರೂ ಮಾತು ಬಂದಾಗಲೆಲ್ಲ ನಾನೇ ಆಡಬೇಕು. ಅಂಗಡಿಯವನೂ ನಾನೇ, ಸಿಪಾಯಿಯೂ ನಾನೇ, ಇಬ್ಬರೂ ಚೌಕಾಸಿ ಮಾಡ್ತಿದ್ರೆ ಅವಳು ಸುಮ್ನೆ ಕೇಳಿಸಿಕೊಂಡು ಕೂತಿದ್ದಳು. ಎರಡೋ ಮೂರೋ ಸೆಷನ್ ಆದ ಮೇಲೆ ಸಿಪಾಯಿಯನ್ನು ಬೇರೆ ಊರಿಗೆ ಕಳಿಸಿ ನಾಯಿ ಕೊಟ್ಟೆ. ಮ್ಯಾಸ್ಟಿಫ್, ನಿಯಮದಲ್ಲೇ 25 ಚಿನ್ನ. ಎಚ್‌ಪಿ ಬರೀ 5, ಆದರೂ ಪಕ್ಕದಲ್ಲಿ ನಿಂತರೆ ಸ್ನೀಕ್ ಅಟ್ಯಾಕ್ ಸಿಗುತ್ತದೆ, ಕಚ್ಚಿದರೆ ಶತ್ರು ನೆಲಕ್ಕೂ ಬೀಳಬಹುದು, ಮೂಗು ಚುರುಕು. ಎಲ್ಲಕ್ಕಿಂತ ದೊಡ್ಡದು, ಅದು ಮಾತಾಡಲ್ಲ. ಮೊದಲ ಎರಡು ಲೆವೆಲ್ ದಾಟಿಸಿದ್ದು ಆ ನಾಯಿಯೇ.

ಆದರೆ ಕ್ಯಾಂಪೇನ್ ನಿಜವಾಗಿ ಗಟ್ಟಿಯಾಗಿ ನಿಂತದ್ದು ಹೊಡೆದಾಟದ ಬದಲು ಸದ್ದನ್ನು ಲೆಕ್ಕ ಇಡಲು ಶುರು ಮಾಡಿದ ಮೇಲೆ. ಅವಳು ನುಗ್ಗುವ ಪ್ರತಿ ಜಾಗಕ್ಕೂ ಒಂದು ಕಾರ್ಡ್, ಅದರ ಮೇಲೆ ಆರು ಚೌಕ, ಮೇಜಿನ ಮೇಲೆ ಅವಳ ಕಣ್ಣೆದುರಿಗೇ. ಎರಡು ತುಂಬಿದರೆ ಕಾವಲುಗಾರ ಎದ್ದು ನೋಡುತ್ತಾನೆ, ನಾಲ್ಕಾದರೆ ಜೋಡಿಯಾಗಿ ಓಡಾಡುತ್ತಾರೆ, ಆರಾದರೆ ಎಚ್ಚರಿಕೆಯ ಗಂಟೆ ಬಾರಿಸುತ್ತಾರೆ. ಈ ಚೌಕಗಳು ಬೇರೆ ಆಟಗಳಲ್ಲಿ ಮೊದಲಿಂದಲೂ ಇವೆ. ನಾನು ಸೇರಿಸಿದ್ದು ಒಂದೇ: ಡೈಸ್ ಸೋತರೆ "ಆಗಲಿಲ್ಲ" ಅನ್ನುವುದಿಲ್ಲ, ಕೆಲಸ ಆಗುತ್ತದೆ, ಚೌಕ ತುಂಬುತ್ತದೆ. ಎಕ್ಸ್‌ಪರ್ಟೀಸ್ (ವಿಶೇಷ ಪರಿಣತಿ) ಸೇರಿ ಬೀಗಕ್ಕೆ ಅವಳ ಬೋನಸ್ 7. ಡಿಸಿ (ಗೆಲ್ಲಲು ಬೇಕಾದ ಒಟ್ಟು) 15ರ ಬೀಗ 65 ಶೇಕಡಾ ಸಲ ತೆರೆಯುತ್ತದೆ. ಉಳಿದ 35 ಶೇಕಡಾದಲ್ಲಿ, ನಾಲ್ಕು ಜನರ ಗುಂಪಾದರೆ ಫೈಟರ್ ಬಾಗಿಲು ಒದೆಯುತ್ತಾನೆ. ಮಾಮೂಲಿ ನಿಯಮದಂತೆ ನಡೆಸಿದರೆ ಇಲ್ಲಿ ಅವಳು ಬಾಗಿಲಲ್ಲೇ ನಿಲ್ಲಬೇಕು, ಕತೆಯೂ ಅಲ್ಲೇ ನಿಲ್ಲುತ್ತದೆ.

ಸುಂಕದ ಕಚೇರಿಯ ರಾತ್ರಿ ಹೇಳುತ್ತೇನೆ. ಮೇಲಿನ ಮಹಡಿ, ಪತ್ರದ ಪೆಟ್ಟಿಗೆ. ಉರುಳಿದ್ದು 4, ಒಟ್ಟು 11. "ಬೀಗ ತೆಗೀತು, ಆದ್ರೆ ಕೊಂಡಿ ಜಾರಿ ಹಲಗೆ ಮೇಲೆ ಬಿತ್ತು" ಅಂದೆ. ಎರಡನೇ ಚೌಕ ತುಂಬಿದೆ. ಕೆಳಗೆ ಕುರ್ಚಿ ಎಳೆದ ಸದ್ದು. ಅವಳು ಕಾರ್ಡ್ ನೋಡಿದಳು, ಪತ್ರಗಳ ಕಟ್ಟು ನೋಡಿದಳು. ಓದಲು ಹೊತ್ತಿಲ್ಲ, ಎಲ್ಲ ಹೊತ್ತರೆ ಗೊತ್ತಾಗುತ್ತದೆ. ಪೆಟ್ಟಿಗೆಗೆ ಬೀಗ ಮತ್ತೆ ಹಾಕಿ, ಕಿಟಕಿ ತೆರೆದು, ದೀಪ ಉರುಳಿಸಿ, ಬೀರುವಿನ ಹಿಂದೆ ಅಡಗಿದಳು. ಕಾವಲುಗಾರ ಬಂದು ಗಾಳಿಯನ್ನು ಬೈದು ಕಿಟಕಿ ಮುಚ್ಚಿ ಹೋದ. ಹತ್ತು ಹದಿನೈದು ನಿಮಿಷ ಕತ್ತಿ ಹೊರಗೆ ಬರಲೇ ಇಲ್ಲ, ಅವಳು ಕುರ್ಚಿಯ ತುದಿಯಲ್ಲೇ ಕೂತಿದ್ದಳು.

ಎಚ್‌ಪಿ ಸೊನ್ನೆಯಾದರೆ ನನ್ನ ಆಟದಲ್ಲಿ ಸಾವಿಲ್ಲ, ಸೆರೆ. ಅದೂ ಪುಕ್ಕಟೆ ಅಲ್ಲ. ಒಂದು ವಸ್ತು, ಒಂದು ನಂಟು, ಇಲ್ಲಾ ಒಂದು ಗುಟ್ಟು ಕಳೆದುಕೊಳ್ಳಬೇಕು, ಯಾವುದು ಅಂತ ಅವಳೇ ಆರಿಸಬೇಕು. ಐದನೇ ಲೆವೆಲ್ ಆದ ಮೇಲೆ ಹೊಡೆದಾಟಕ್ಕೆ ಒಂದೇ ದೊಡ್ಡ ಶತ್ರು ಇಡಿ. ಆಗ ರೋಗ್‌ಗೆ ಸಿಗುವ ಅನ್‌ಕ್ಯಾನಿ ಡಾಡ್ಜ್ ಒಂದು ಸುತ್ತಿಗೆ ಒಂದೇ ಏಟನ್ನು ಅರ್ಧ ಮಾಡುತ್ತದೆ. ದೈತ್ಯ ಓಗರ್ ಒಬ್ಬನಾದರೆ ಒಳ್ಳೆ ಪೈಪೋಟಿ, ಪುಡಿ ಶತ್ರುಗಳು ನಾಲ್ಕಾದರೆ ಅವಳ ಕತೆ ಮುಗೀತು.

ಇನ್ನು ದುಡ್ಡು. ನಿಯಮದ ಪಟ್ಟಿಯಲ್ಲಿ ಸಣ್ಣ ಲೆವೆಲ್‌ನ ಒಂದು ನಿಧಿಯಲ್ಲಿ ನಾಣ್ಯವೇ ಸರಾಸರಿ 200 ಚಿನ್ನದ ಹತ್ತಿರ. ನಾಲ್ವರಲ್ಲಿ ಹಂಚುವ ಲೆಕ್ಕ ಅದು. ಇವಳೊಬ್ಬಳಿಗೇ ಸಿಕ್ಕಾಗ 45 ಚಿನ್ನದ ಸ್ಟಡೆಡ್ ಲೆದರ್ ಕೊಂಡು, 50ರ ಹೀಲಿಂಗ್ ಪೋಷನ್ ಎರಡು ಕೊಂಡು, ಕದಿಯುವ ಹಸಿವೇ ಹೋಯಿತು. ಹಸಿವಿಲ್ಲದ ಕಳ್ಳಿಯನ್ನು ಇಟ್ಟುಕೊಂಡು ಏನು ನಡೆಸುವುದು? ಅದಕ್ಕೆ ನಾಣ್ಯ ತೆಗೆದು ಮಾಲು ಇಟ್ಟೆ: ಬೆಳ್ಳಿ ತಟ್ಟೆ, ಮುದ್ರೆಯುಂಗುರ, ಬೇರೆಯವರ ಸಾಲಪತ್ರ. ಕದ್ದ ಮಾಲು ಕೊಳ್ಳುವವನು ಅರ್ಧ ಬೆಲೆ ಕೊಡುತ್ತಾನೆ, ಕಳ್ಳರ ಸಂಘವಾದ ಗಿಲ್ಡ್ ಅದರಲ್ಲಿ ಐದನೇ ಒಂದು ಪಾಲು ಕೀಳುತ್ತದೆ, ದಿನದ ಬದುಕಿಗೆ 2 ಚಿನ್ನ. ಈಗ ಒಂಬತ್ತನೇ ಲೆವೆಲ್‌ನಲ್ಲೂ ಅವಳು ಚಿಲ್ಲರೆ ಎಣಿಸುತ್ತಾಳೆ. ನನ್ನ ಕೈಯಿಂದ ಹೋದ ದುಡ್ಡಿನ ಮಾತು ಬೇರೆ: ಬಣ್ಣದ ಮ್ಯಾಪ್, ಮಿನಿಯೇಚರ್ ಅಂತ ಸುರಿದದ್ದೆಲ್ಲ ಡಬ್ಬದಲ್ಲಿದೆ. ಕ್ಯಾಂಪೇನ್ ನಡೆಸಿದ್ದು ಒಂದು ಕಟ್ಟು ಕಾರ್ಡ್ ಮತ್ತು ಪೆನ್ಸಿಲ್.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಬ್ಬನೇ ನಾಯಕನಿಗಾಗಿ ಬರೆದ ಇನ್ನೊಂದು ಆಟದಲ್ಲಿ ಡ್ಯಾಮೇಜನ್ನು ಶತ್ರುವಿನ ಹಿಟ್ ಡೈಸ್‌ನಿಂದ (ಅವನ ಬಲದ ಮಟ್ಟದಿಂದ) ಕಳೆಯುತ್ತಾರೆ: ಡೈಸ್‌ನಲ್ಲಿ 2ರಿಂದ 5 ಬಂದರೆ ಒಂದು, 6ರಿಂದ 9ಕ್ಕೆ ಎರಡು, 10 ಇಲ್ಲಾ ಅದಕ್ಕೂ ಹೆಚ್ಚು ಬಂದರೆ ನಾಲ್ಕು. ಫೈಟರ್‌ಗೆ ಚೆಂದ. ಸ್ನೀಕ್ ಅಟ್ಯಾಕ್ ಸೇರಿದಾಗ ನಾನು ವಾರವೆಲ್ಲ ಕಟ್ಟಿದ ದಳಪತಿ ಒಂದೇ ಏಟಿಗೆ ಹೋದ. ಬಿಟ್ಟೆ. "ಇದನ್ನ ನಿನ್ನೆನೇ ಸಿದ್ಧ ಮಾಡಿಟ್ಟಿದ್ದೆ" ಅಂತ ಹಿಂದಿನ ದೃಶ್ಯ ಸೇರಿಸುವ ಅವಕಾಶ ಮಾತ್ರ ಉಳಿಸಿಕೊಂಡೆ, ಸೆಷನ್‌ಗೆ ಎರಡು ಸಲ. ಸೆಷನ್‌ಗಳ ನಡುವೆ ಮಾಲು ಮಾರುವ ಚೌಕಾಸಿ ಮೆಸೇಜ್‌ನಲ್ಲೇ ನಡೆಯುತ್ತದೆ, ಅದರಿಂದ ಒಳ್ಳೊಳ್ಳೆ ಕತೆ ಹುಟ್ಟಿದೆ.

ಹೊತ್ತು ನೋಡಿಕೊಳ್ಳಿ. ಒಬ್ಬಳೇ ಆದಾಗ ಹರಟೆ ಇರಲ್ಲ, ನಾಲ್ಕು ಗಂಟೆಯ ಸರಕು ಎರಡಕ್ಕೇ ಖಾಲಿ. ಎರಡೂವರೆ ಗಂಟೆ ಮೀರಬೇಡಿ, ನಡುವೆ ಒಂದು ಸಲ ಎದ್ದು ಓಡಾಡಿ.

ಗಂಟೆ ಬಾರಿಸಿದ ಮೇಲೆ ಯಾರು ಬರುತ್ತಾರೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಪಟ್ಟಿ ಇದೆ, ಯಾವತ್ತೂ ಕೈಕೊಟ್ಟಿಲ್ಲ. ಅದನ್ನು ಇಲ್ಲಿ ಹಾಕಲ್ಲ, ಅವಳೂ ಇದನ್ನು ಓದುತ್ತಾಳೆ. ನಾಯಿಯನ್ನು ಒಂಬತ್ತನೇ ಲೆವೆಲ್‌ವರೆಗೆ ಹೇಗೆ ಬದುಕಿಸಿದೆ ಅನ್ನುವುದನ್ನೂ ಕ್ಯಾಂಪೇನ್ ಮುಗಿಯುವವರೆಗೆ ಕೇಳಬೇಡಿ.