ಟೇಬಲ್ ಕೀಗೆ ಅಂಕಿಯೋ ಅಕ್ಷರವೋ?

ಅಂಕಿಯಲ್ಲಿ ಬರೆದದ್ದೆಲ್ಲ ಸಂಖ್ಯೆಯಲ್ಲ. ಡೇಟಾಬೇಸ್ ಟೇಬಲ್ಲಿನ ಕಾಲಂಗೆ ಟೈಪ್ (ಅದರಲ್ಲಿ ಇಡುವ ಮಾಹಿತಿಯ ಬಗೆ) ಕೊಡುವ ಮೊದಲು ಕೇಳಿಕೊಳ್ಳಿ: ಇದನ್ನು ಯಾವತ್ತಾದರೂ ಕೂಡುವುದು, ಕಳೆಯುವುದು ಉಂಟೇ? ಇಲ್ಲವೆಂದರೆ, ಹೊರಗಿನಿಂದ ಬರುವ ಆ ನಂಬರಿಗೆ ವಾರ್‌ಚಾರ್, ಅಂದರೆ ಅಕ್ಷರದ ಟೈಪ್, ಕೊಡಿ.

00412307715 ಎಂಬ ಬ್ಯಾಂಕ್ ಖಾತೆ ನಂಬರನ್ನು ಬಿಗ್‌ಇಂಟ್ (ದೊಡ್ಡ ಪೂರ್ಣಸಂಖ್ಯೆಯ ಟೈಪ್) ಕಾಲಂಗೆ ಹಾಕಿದರೆ ಒಳಗೆ ಉಳಿಯುವುದು 412307715. ಬ್ಯಾಂಕಿನ ಫೈಲಿನೊಂದಿಗೆ ತಾಳೆ ನೋಡುವಾಗ ಹೊಂದುವುದಿಲ್ಲ. ಖಾತೆ ನಂಬರಿನ ಉದ್ದ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಹಾಗಾಗಿ ಎಷ್ಟು ಸೊನ್ನೆ ಹೋಯಿತೆಂದು ಆಮೇಲೆ ಲೆಕ್ಕ ಹಾಕಲೂ ಆಗದು. ನಮ್ಮ ಮೊಬೈಲ್ ನಂಬರಂತೂ ಅದಕ್ಕಿಂತ ಚಿಕ್ಕ ಟೈಪಾದ ಇಂಟ್‌ನಲ್ಲಿ ಹಿಡಿಸುವುದೇ ಇಲ್ಲ. ಇಂಟ್‌ನ ಮಿತಿ 2147483647. ಪಹಣಿಯ ಸರ್ವೆ ನಂಬರಿಗೆ ಇಂಟ್ ಕೊಟ್ಟವರು 45/2ಎ ಬಂದ ದಿನ ಸಿಕ್ಕಿಬೀಳುತ್ತಾರೆ.

ಹಾಗೆಂದು ಇವನ್ನೇ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಕಾಲಂ, ಮಾಡಬೇಡಿ. ಬೇರೆಯವರು ಕೊಟ್ಟ ನಂಬರನ್ನು ಅವರು ಬದಲಿಸಿದರೆ, ಅದನ್ನು ಫಾರಿನ್ ಕೀಯಾಗಿ (ಬೇರೆ ಟೇಬಲ್ಲಿನ ಸಾಲನ್ನು ತೋರಿಸುವ ಕಾಲಂ ಆಗಿ) ಹೊತ್ತ ಟೇಬಲ್‌ಗಳನ್ನೆಲ್ಲ ನೀವು ತಿದ್ದಬೇಕಾಗುತ್ತದೆ. ಪ್ರೈಮರಿ ಕೀಗೆ ತಾನಾಗಿ ಏರುವ ಬಿಗ್‌ಇಂಟ್ ಐಡಿ ಇರಲಿ. ಹೊರಗಿನ ನಂಬರಿಗೆ ನಾಟ್ ನಲ್ (ಖಾಲಿ ಬಿಡುವಂತಿಲ್ಲ), ಯುನೀಕ್ (ಎರಡು ಸಲ ಬರುವಂತಿಲ್ಲ) ಹಾಕಿ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಶೇಖರಣಾ ಎಂಜಿನ್ ಆದ ಇನ್ನೋಡಿಬಿಯಲ್ಲಿ ಉಳಿದ ಪ್ರತಿ ಇಂಡೆಕ್ಸೂ (ಬೇಗ ಹುಡುಕಲು ಇಡುವ ಪಟ್ಟಿ) ಪ್ರೈಮರಿ ಕೀಯ ನಕಲನ್ನು ಹೊತ್ತಿರುತ್ತದೆ. ಬಿಗ್‌ಇಂಟ್ ಆದರೆ ಸಾಲಿಗೆ 8 ಬೈಟ್, ಯುಯುಐಡಿಯನ್ನು (ಮರುಕಳಿಸದಂತೆ ಮಾಡಿದ ಉದ್ದ ಗುರುತು) ಅಕ್ಷರವಾಗಿ ಇಟ್ಟರೆ 36. ಯುಯುಐಡಿ ಬೇಕೇ ಬೇಕಿದ್ದರೆ 16 ಬೈಟಿನ ಬೈನರಿ ಕಾಲಂನಲ್ಲಿಡಿ. ಐಎಫ್‌ಎಸ್‌ಸಿಯಂಥ ಅಳತೆ ಗೊತ್ತಿರುವ ಕೋಡಿಗೆ 11 ಅಕ್ಷರದ ಚಾರ್ (ನಿಗದಿತ ಉದ್ದದ ಅಕ್ಷರ ಟೈಪ್) ಸಾಕು.

ಅಕ್ಷರದ ಕಾಲಂಗೂ ಅದರದೇ ಕಾಟವಿದೆ. ಸಾರ್ಟ್ ಮಾಡಿದರೆ 10 ಬಂದ ಮೇಲೆ 9 ಬರುತ್ತದೆ. ಕೋಡಿನ ಹಿಂದೆ ಮುಂದೆ ಅಂಟಿದ ಸ್ಪೇಸ್ ಅದನ್ನು ಬೇರೆ ಕೋಡಾಗಿಸಬಹುದು, ಸೇವ್ ಮಾಡುವ ಮೊದಲೇ ತೆಗೆಯಿರಿ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೊಟೇಶನ್ ಗುರುತು. ಮೈಎಸ್‌ಕ್ಯೂಎಲ್‌ನಲ್ಲಿ ವಾರ್‌ಚಾರ್ ಕಾಲಂ ಅನ್ನು ಕೊಟೇಶನ್ ಇಲ್ಲದ 412307715ಕ್ಕೆ ಹೋಲಿಸಿದರೆ ಎರರ್ ಬರುವುದಿಲ್ಲ. ಪ್ರತಿ ಸಾಲನ್ನೂ ಸಂಖ್ಯೆಯಾಗಿಸಿ ನೋಡುತ್ತದೆ. ಇಂಡೆಕ್ಸ್ ಹುಡುಕಾಟಕ್ಕೆ ಒದಗುವುದಿಲ್ಲ, ಸೊನ್ನೆ ಇರುವ ಖಾತೆ, ಇಲ್ಲದ ಖಾತೆ ಎರಡೂ ಸಿಗುತ್ತವೆ. ಕ್ವೆರಿಯ (ಡೇಟಾ ಕೇಳುವ ಆದೇಶದ) ಮುಂದೆ ಎಕ್ಸ್‌ಪ್ಲೇನ್ ಹಾಕಿ ನೋಡಿ: ಬರುವ ಉತ್ತರದ 'ಟೈಪ್' ಎಂಬ ಕಾಲಂನಲ್ಲಿ 'ಆಲ್' ಎಂದಿದ್ದರೆ ಇಡೀ ಟೇಬಲ್ ಓದುತ್ತಿದೆ. ಯುನೀಕ್ ಕಾಲಂಗೆ ಕೊಟೇಶನ್ ಸರಿ ಹಾಕಿದ್ದರೆ 'ಕಾನ್‌ಸ್ಟ್' ಬರುತ್ತದೆ, ಅಂದರೆ ಒಂದೇ ಸಾಲು ಓದುತ್ತದೆ.

ಟೈಪ್ ಸರಿ ಇದ್ದೂ ಸೊನ್ನೆ ಕಾಣೆಯಾದರೆ ಎಕ್ಸೆಲ್ ಕಡೆ ನೋಡಿ. ಸಿಎಸ್‌ವಿಯನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲನ್ನು) ಅಲ್ಲಿ ತೆರೆದು ಸೇವ್ ಮಾಡಿದರೆ ಎದುರಿನ ಸೊನ್ನೆಗಳು ಹೋಗುತ್ತವೆ, 15 ಅಂಕಿ ದಾಟಿದ ನಂಬರಿನ ಉಳಿದ ಅಂಕಿಗಳು ಸೊನ್ನೆಯಾಗುತ್ತವೆ. ಮೂಲ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಪರಿಶೀಲಿಸಿ, ನೇರ ಅದರಿಂದಲೇ ಲೋಡ್ ಮಾಡಿ.