ಮಾಲ್‌ನಲ್ಲಿ ಬೈಟು

2019ರ ಒಂದು ಬಿಲ್ಲನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಹೋಟೆಲ್ ಬಿಲ್ಲಿನ ನುಣುಪು ಕಾಗದದ ಮೇಲೆ ಅಕ್ಷರ ನಿಲ್ಲುವುದಿಲ್ಲ. ವರ್ಷ ಕಳೆಯುವುದರೊಳಗೆ ಮಾಸಿ ಬಿಳಿಚಿಕೊಂಡಿತು. ಆದರೆ ಆವತ್ತು ರಾತ್ರಿಯೇ ಅದರ ಹಿಂಬದಿಯಲ್ಲಿ ಪೆನ್ನಿನಿಂದ ಗೀಚಿದ ಲೆಕ್ಕ ಹಾಗೆಯೇ ಉಳಿದಿದೆ. ಮಗಳ ಹತ್ತನೆಯ ಹುಟ್ಟುಹಬ್ಬ, ಐದು ಜನ, ಮಾಲ್‌ನ ಮೂರನೆಯ ಮಹಡಿಯ ರೆಸ್ಟೋರೆಂಟ್. ಒಟ್ಟು 3,188 ರೂಪಾಯಿ. ಅದರಲ್ಲಿ ನಾವು ತಟ್ಟೆಗೆ ಹಾಕಿಕೊಂಡು ತಿಂದದ್ದು 1,860 ರೂಪಾಯಿಯದು. ಉಳಿದ 1,328 ರೂಪಾಯಿ ಎಲ್ಲಿ ಹೋಯಿತು? ಬಣ್ಣಬಣ್ಣದ ಮಾಕ್‌ಟೇಲ್ ನಾಲ್ಕು, ತಲಾ 180ರಂತೆ 720. ಬಾಟಲಿ ನೀರು ಮೂರು, 60ರಂತೆ 180. ಸೇವಾ ಶುಲ್ಕ ಶೇ. 10, ಅಂದರೆ 276. ಸೇವಾ ಶುಲ್ಕವನ್ನೂ ಕೂಡಿಸಿಕೊಂಡು ಅದರ ಮೇಲೆ ಶೇ. 5 ಜಿಎಸ್‌ಟಿ, ಮತ್ತೊಂದು 152.

ನಾನು ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಬಿಲ್ ಓದುವುದೇ ನನ್ನ ಕಸುಬು. ಆದರೂ ಆವತ್ತು ದುಡ್ಡು ಕೊಟ್ಟು ಮನೆಗೆ ಬಂದ ಮೇಲೆ ಬಿಲ್ ಓದಿದೆ. ಆ ನಾಚಿಕೆಯಿಂದಲೇ ಮಾಲ್‌ನಲ್ಲಿ ಕಡಿಮೆ ಖರ್ಚಿನಲ್ಲಿ ಉಣ್ಣುವ ಈ ವಿದ್ಯೆ ಶುರುವಾಯಿತು. ಈಗ ತಿಂಗಳಿಗೊಮ್ಮೆ ಐದೂ ಜನ ಮಾಲ್‌ನಲ್ಲಿ ಊಟ ಮಾಡುತ್ತೇವೆ. 1,500 ರೂಪಾಯಿ ದಾಟಿದ್ದು ಈಚೆಗೆ ನೆನಪಿಲ್ಲ.

ಅಷ್ಟು ಲೆಕ್ಕ ಹಾಕುವವನು ಮಾಲ್‌ಗೆ ಹೋಗುವುದಾದರೂ ಏಕೆ, ಬೀದಿಗೊಂದು ದರ್ಶಿನಿ ಇರುವ ಬೆಂಗಳೂರಿನಲ್ಲಿ, ಎಂದು ಗೆಳೆಯರು ಕೇಳುತ್ತಾರೆ. ಉತ್ತರ ಅಮ್ಮನ ಮಂಡಿಯಲ್ಲಿದೆ. ದರ್ಶಿನಿಯಲ್ಲಿ ನಿಂತು ತಿನ್ನಬೇಕು. ಎಪ್ಪತ್ತು ದಾಟಿದ ಅಮ್ಮನಿಂದ ಅದು ಆಗುವುದಿಲ್ಲ. ಮಾಲ್‌ನಲ್ಲಿ ಲಿಫ್ಟ್ ಇದೆ, ಕುರ್ಚಿ ಇದೆ, ಶುಚಿಯಾದ ಶೌಚಾಲಯ ಇದೆ, ಮೇ ತಿಂಗಳಿನಲ್ಲಿ ತಂಪಿದೆ. ಶ್ರೀರಾಂಪುರದಲ್ಲಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಸಂಪಿಗೆ ರಸ್ತೆ. ಇಳಿದರೆ ಮಂತ್ರಿ ಸ್ಕ್ವೇರ್ ಮಾಲ್. ಕಾರು ತೆಗೆಯುವುದೇ ಇಲ್ಲ. ಭಾನುವಾರ ಮಾಲ್‌ನ ನೆಲಮಾಳಿಗೆಯಲ್ಲಿ ಮೂರು ಗಂಟೆ ಕಾರು ನಿಲ್ಲಿಸಲು ಕೊಡುವ ದುಡ್ಡಿಗೆ ಒಂದು ಮಸಾಲೆ ದೋಸೆ ಬರುತ್ತದೆ.

ಮಾಲ್‌ನ ಹೋಟೆಲಿನವರನ್ನು ಸುಲಿಗೆಕೋರರು ಎಂದು ಬೈಯುವವರ ಜೊತೆ ನಾನು ಸೇರುವುದಿಲ್ಲ. ಫುಡ್ ಕೋರ್ಟಿನ ಒಂದು ಮಳಿಗೆಯ ಲೆಕ್ಕವನ್ನು ಎರಡು ವರ್ಷ ನಾನೇ ಬರೆದಿದ್ದೇನೆ. ಅಲ್ಲಿನ ಬಾಡಿಗೆಯ ರೀತಿಯೇ ಬೇರೆ. ಇಂತಿಷ್ಟು ಎಂಬ ಕನಿಷ್ಠ ಬಾಡಿಗೆ ಇರುತ್ತದೆ, ವ್ಯಾಪಾರದಲ್ಲಿ ಇಷ್ಟು ಪಾಲು ಎಂಬ ಲೆಕ್ಕವೂ ಇರುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಅದರ ಮೇಲೆ ಎಸ್ಕಲೇಟರ್, ದೀಪ, ಕಾವಲು, ಗುಡಿಸುವವರ ಸಂಬಳ ಎಲ್ಲವೂ ಸೇರಿದ ನಿರ್ವಹಣಾ ಶುಲ್ಕ. ಆ ಮಳಿಗೆಯಲ್ಲಿ ನೂರು ರೂಪಾಯಿಯ ತಿಂಡಿಗೆ ದಿನಸಿಯ ಖರ್ಚು ಸುಮಾರು ಮೂವತ್ತು. ಆದರೆ ನಿಂಬೆ ಸೋಡಾ, ಮಾಕ್‌ಟೇಲ್‌ಗಳ ಮಾತು ಬೇರೆ. ಸಕ್ಕರೆ ಪಾಕ, ಸೋಡಾ, ಐಸು, ಮೇಲೊಂದು ಪುದೀನ ಎಲೆ. ಎಷ್ಟು ಹುಡುಕಿದರೂ ಹದಿನೈದು ರೂಪಾಯಿಯ ಖರ್ಚು ಕಾಣಿಸಲಿಲ್ಲ. ಲಾಭ ಇರುವುದು ಲೋಟದಲ್ಲಿ, ತಟ್ಟೆಯಲ್ಲಿ ಅಲ್ಲ. ಹಾಗಾಗಿಯೇ ಎಲ್ಲಾ ಕಡೆಯೂ ಮೊದಲ ಪ್ರಶ್ನೆ ‘ಕುಡಿಯಲು ಏನು ಕೊಡಲಿ?’ ಎಂಬುದು.

ಇನ್ನು ನೀರು. ಸಪ್ಲೈಯರ್ ಬಂದು ನಯವಾಗಿ ‘ಬಾಟಲಿ ನೀರೋ, ರೆಗ್ಯುಲರೋ?’ ಎನ್ನುತ್ತಾನೆ. ರೆಗ್ಯುಲರ್ ಎಂದರೆ ದುಡ್ಡಿಲ್ಲದೆ ಕೊಡುವ ಮಾಮೂಲಿ ನೀರು. ಪಕ್ಕದ ಮೇಜಿನವರು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನಿಸುತ್ತದೆ. ‘ಬಾಟಲಿ’ ಎಂದು ಬಾಯಿ ತಾನಾಗಿಯೇ ಹೇಳಿಬಿಡುತ್ತದೆ. ನಾನು ಆರು ತಿಂಗಳು ಅಭ್ಯಾಸ ಮಾಡಿದ ಮೇಲೆ ‘ರೆಗ್ಯುಲರ್’ ಎಂಬ ಪದವನ್ನು ಸಂಕೋಚವಿಲ್ಲದೆ ಹೇಳಲು ಕಲಿತೆ. ಕೆಲವು ಕಡೆ ಕೇಳುವುದೇ ಇಲ್ಲ. ಮೇಜಿನ ಮೇಲೆ ಬಾಟಲಿ ಮೊದಲೇ ನಿಂತಿರುತ್ತದೆ. ಕೂರುತ್ತಿದ್ದ ಹಾಗೆ ಮಗ ಅದರ ಮುಚ್ಚಳ ತಿರುವುತ್ತಾನೆ. ಈಗ ಆ ಬಾಟಲಿಯನ್ನು ಪಕ್ಕಕ್ಕೆ ಸರಿಸುವ ಕೆಲಸ ಅಮ್ಮನದು. ಮುದ್ರಿತ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುತ್ತಾರೆ ಎಂದು ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ಕೂರಿಸಿ ಬಡಿಸುವ ಹೋಟೆಲುಗಳು ಹಾಗೆ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲೇ ಹೇಳಿಯಾಗಿದೆ. ಜಗಳಕ್ಕಿಂತ ರೆಗ್ಯುಲರ್ ಸಲೀಸು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿಗರಿಗೆ ಬೈಟು ಗೊತ್ತು. ಒಂದು ಕಾಫಿ, ಎರಡು ಲೋಟ. ಕೇಳುವವನಿಗೂ ನಾಚಿಕೆಯಿಲ್ಲ, ಕೊಡುವವನಿಗೂ ಬೇಸರವಿಲ್ಲ. ಗಾಂಧಿಬಜಾರಿನಲ್ಲಿ ಧಾರಾಳವಾಗಿ ಬೈಟು ಹೇಳುವ ಅದೇ ಮನುಷ್ಯ ಗಾಜಿನ ಬಾಗಿಲು ದಾಟಿದ ಕೂಡಲೇ ತಲೆಗೊಂದು ಸೂಪ್, ತಲೆಗೊಂದು ಪಲ್ಯ ಎನ್ನುತ್ತಾನೆ. ನಾನೂ ಹಾಗೆಯೇ ಇದ್ದೆ. ಒಮ್ಮೆ ನಮ್ಮ ಪಕ್ಕದ ಮೇಜಿನಲ್ಲಿ ಕುಳಿತಿದ್ದ ವಯಸ್ಸಾದ ದಂಪತಿ ಟೊಮೆಟೊ ಸೂಪ್ ಬೈಟು ಎಂದರು. ಸಪ್ಲೈಯರ್ ಹುಬ್ಬು ಕೂಡ ಏರಿಸದೆ ಎರಡು ಬಟ್ಟಲಿನಲ್ಲಿ ಹಂಚಿ ತಂದ. ಒಂದೊಂದು ಬಟ್ಟಲಿನಲ್ಲೂ ಇದ್ದದ್ದು ಅರ್ಧವಲ್ಲ, ಮುಕ್ಕಾಲು! ಆ ಮುಕ್ಕಾಲು ಬಟ್ಟಲನ್ನು ನೋಡಿದ ದಿನದಿಂದ ನಮ್ಮ ಮನೆಯಲ್ಲಿ ಪೂರ್ತಿ ಸೂಪ್ ಯಾರೂ ಕುಡಿದಿಲ್ಲ.

ಸೂಪಿಗೆ ಮಾತ್ರವಲ್ಲ. ಐದು ಜನರಿಗೆ ಮೂರು ಜನರ ಊಟ ಹೇಳಿ ಶುರುಮಾಡುತ್ತೇವೆ. ಒಂದು ಸ್ಟಾರ್ಟರ್, ಒಂದು ಗ್ರೇವಿ, ರೊಟ್ಟಿ ತಲೆಗೊಂದು, ಕೊನೆಗೆ ಒಂದು ಅನ್ನದ ಬಗೆ. ಸಾಲದಿದ್ದರೆ ಮತ್ತೆ ಹೇಳಬಹುದು. ಅಡುಗೆಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಹಸಿದ ಕಣ್ಣಿನಿಂದ ಮೆನು ನೋಡಬಾರದು ಎಂದು ಹೆಂಡತಿ ಹೊರಡುವ ಮುಂಚೆ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಡುತ್ತಾಳೆ. ಮೊದಲ ಸಲ ನಾನು ನಕ್ಕಿದ್ದೆ. ಆ ಏಲಕ್ಕಿ ಬಾಳೆ ಕನಿಷ್ಠ ಇನ್ನೂರು ರೂಪಾಯಿ ಉಳಿಸುತ್ತದೆ ಎಂದು ಈಗ ಲೆಕ್ಕಸಮೇತ ಒಪ್ಪುತ್ತೇನೆ. ಉಳಿದರೆ ಪಾರ್ಸೆಲ್. ಮರುದಿನದ ತಿಂಡಿಗೆ ಉಳಿದ ಜೀರಾ ರೈಸ್‌ಗೆ ನಿಂಬೆಹುಳಿ ಹಿಂಡಿ ಒಗ್ಗರಣೆ ಹಾಕಿದರೆ ಚಿತ್ರಾನ್ನ.

ಫುಡ್ ಕೋರ್ಟಿನ ಕ್ರಮ ಬೇರೆ. ಅಲ್ಲಿ ಗೆಲ್ಲುವುದು ಸಮಯ. ಹನ್ನೆರಡೂ ಕಾಲಿಗೆ ಹೋದರೆ ಕಿಟಕಿಯ ಪಕ್ಕದ ಮೇಜು. ಒಂದೂವರೆಗೆ ಹೋದರೆ ಉಣ್ಣುತ್ತಿರುವವರ ಬೆನ್ನ ಹಿಂದೆ ಮದುವೆಮನೆಯ ಎರಡನೆಯ ಪಂಕ್ತಿಯವರ ಹಾಗೆ ಕಾದು ನಿಲ್ಲಬೇಕು. ಅಮ್ಮನನ್ನು ಮೊದಲು ಕೂರಿಸಿ, ಉಳಿದ ಕುರ್ಚಿಗಳ ಮೇಲೆ ಕೈಚೀಲ, ಛತ್ರಿ, ಮಗನ ಟೋಪಿ ಇಟ್ಟು ನಾವು ನಾಲ್ವರು ಚದುರುತ್ತೇವೆ. ಎಲ್ಲರೂ ಒಂದು ಸುತ್ತು ಸುತ್ತಿ ಬಂದ ಮೇಲೆಯೇ ದುಡ್ಡು ಕೊಡುವುದು ಎಂಬುದು ನಿಯಮ. ಚೀನೀ ಅಂಗಡಿಯ ಒಂದು ಫ್ರೈಡ್ ರೈಸ್ ಇಬ್ಬರಿಗೆ ಸಾಕು. ಉತ್ತರ ಭಾರತದ ಕಾಂಬೊ ತಟ್ಟೆ, ಎರಡು ರೊಟ್ಟಿ, ದಾಲ್, ಪನೀರ್, ಅನ್ನ, ಒಂದು ಜಾಮೂನು, ಇದೂ ನಮ್ಮಲ್ಲಿ ಒಂದೂವರೆ ಜನರ ಊಟ. ಅಮ್ಮನಿಗೆ ದಕ್ಷಿಣದ ಅಂಗಡಿಯಿಂದ ಬಿಸಿಬೇಳೆಬಾತ್. ಮೇಲಿಷ್ಟು ಬೂಂದಿ ಇಲ್ಲದಿದ್ದರೆ ಅದನ್ನು ಬಿಸಿಬೇಳೆ ಎನ್ನಲು ಆಕೆ ಒಪ್ಪುವುದಿಲ್ಲ.

ಅಮ್ಮ ಒಮ್ಮೆ ಬರ್ಗರ್ ಅಂಗಡಿಯ ಹಲಗೆ ನೋಡಿ ಹೌಹಾರಿದಳು. ‘ಒಂದು ಬನ್ನಿಗೆ 640 ರೂಪಾಯಿಯೇನೋ!’ ನಾನು ತಿರುಗಿ ನೋಡಿದೆ. ಬೆಲೆ ಬೇರೆ ಕಡೆ ಇತ್ತು, 229. 640 ಎಂಬುದು ಕ್ಯಾಲೊರಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಸರಣಿ ಹೋಟೆಲುಗಳು ಪ್ರತಿ ತಿನಿಸಿನ ಎದುರು ಅದರ ಕ್ಯಾಲೊರಿಯನ್ನು ಹಾಕಬೇಕು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ. ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಕೊಟ್ಟ ದುಡ್ಡಿಗೆ ಯಾವುದರಲ್ಲಿ ಜಾಸ್ತಿ ಬರುತ್ತದೆ ನೋಡು’ ಎಂದಳು. ವೈದ್ಯರಿಗೆ ತೂಕ ಇಳಿಸುವ ಅಂಕಿ, ತಿಪಟೂರಿನ ತೆಂಗಿನ ತೋಟದಲ್ಲಿ ಆಳುಗಳಿಗೆ ಊಟ ಹಾಕಿದವಳಿಗೆ ಅದು ಲಾಭದ ಅಂಕಿ.

ಕೆಲವು ಫುಡ್ ಕೋರ್ಟುಗಳಲ್ಲಿ ಕಾರ್ಡಿಗೆ ಮೊದಲೇ ದುಡ್ಡು ತುಂಬಿಸಬೇಕು. ಅಲ್ಲಿ ಮೋಸ ಯಾರದೂ ಅಲ್ಲ, ನಮ್ಮ ಅಂದಾಜಿನದು. ಸಾವಿರ ತುಂಬಿಸಿದರೆ ಕೊನೆಗೆ 35 ರೂಪಾಯಿ ಉಳಿಯುತ್ತದೆ. ವಾಪಸ್ ಕೊಡುವ ಕಿಟಕಿಯ ಮುಂದಿನ ಸಾಲು ನೋಡಿ, ‘ಮುಂದಿನ ಸಲ ಆಗುತ್ತದೆ’ ಎಂದು ಜೇಬಿಗೆ ಹಾಕಿಕೊಳ್ಳುತ್ತೇವೆ. ಮುಂದಿನ ಸಲ ಕಾರ್ಡು ಬೇರೆ ಪ್ಯಾಂಟಿನಲ್ಲಿ. ನಾನು ಈಗ ಬೇಕಾದದ್ದನ್ನು ಕೂಡಿಸಿಕೊಂಡು ಅಷ್ಟನ್ನೇ ತುಂಬಿಸುತ್ತೇನೆ. ಚಿಲ್ಲರೆ ಉಳಿದರೆ ಒಂದು ಮಜ್ಜಿಗೆ.

ತಲೆಗಿಷ್ಟು ಎಂದು ಕೊಟ್ಟು ಬೇಕಾದಷ್ಟು ತಿನ್ನುವ ಬಫೆಯ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದಲ್ಲ. ಹೊಟ್ಟೆಯನ್ನು ಪಂದ್ಯಕ್ಕೆ ಇಳಿಸುವ ಊಟ ಅದು. ಮೇಜಿನ ಮಧ್ಯೆ ಕೆಂಡ ಇಟ್ಟು ಆಲೂಗಡ್ಡೆ, ಅನಾನಸು, ಪನೀರ್ ಕಂಬಿಗಳನ್ನು ತಂದು ತಂದು ಚುಚ್ಚುತ್ತಾರೆ. ಅಸಲಿ ಊಟಕ್ಕೆ ಏಳುವಷ್ಟರಲ್ಲಿ ಹೊಟ್ಟೆಯಲ್ಲಿ ಜಾಗವಿಲ್ಲ. ನಮ್ಮ ಮೇಜಿನಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುವವನು ಹದಿಮೂರು ವರ್ಷದ ಮಗನೊಬ್ಬನೇ. ಅಮ್ಮ ತಿನ್ನುವುದು ಎರಡು ಹಿಡಿ. ಹೋಗಲೇಬೇಕಾದರೆ ವಾರದ ನಡುವಿನ ಮಧ್ಯಾಹ್ನ ಹೋಗಬೇಕು. ಶನಿವಾರ ರಾತ್ರಿಯ ದರಕ್ಕೂ ಅದಕ್ಕೂ ಒಂದು ಊಟದಷ್ಟು ಅಂತರ ಇರುತ್ತದೆ. ದರದ ಮುಂದೆ ‘ತೆರಿಗೆ ಪ್ರತ್ಯೇಕ’ ಎಂಬ ಸಣ್ಣ ಅಕ್ಷರವನ್ನೂ ನೋಡಿಕೊಳ್ಳಬೇಕು.

ಸೇವಾ ಶುಲ್ಕದ ಕಥೆ ಹೇಳಬೇಕು. ಬಿಲ್ಲಿಗೆ ತಾನಾಗಿಯೇ ಸೇವಾ ಶುಲ್ಕ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ದೆಹಲಿ ಹೈಕೋರ್ಟಿಗೆ ಹೋದರು. 2025ರ ಮಾರ್ಚಿನಲ್ಲಿ ನ್ಯಾಯಾಲಯ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಈ ತೀರ್ಪಿನ ನಂತರದ ಒಂದು ಮಧ್ಯಾಹ್ನ ಬಿಲ್ಲಿನಲ್ಲಿ ಮತ್ತೆ ಆ ಸಾಲು ಕಂಡಿತು. ಹೆಸರು ಮಾತ್ರ ಬದಲಾಗಿ ‘ಸಿಬ್ಬಂದಿ ನಿಧಿ’ ಎಂದಾಗಿತ್ತು. ನಾನು ದನಿ ಏರಿಸಲಿಲ್ಲ. ಮ್ಯಾನೇಜರನ್ನು ಕರೆದು, ‘ಇದನ್ನು ತೆಗೆದು ಬೇರೆ ಬಿಲ್ ಕೊಡಿ’ ಎಂದೆ, ಅಷ್ಟೇ. ಆತ ಒಂದು ಕ್ಷಣ ನನ್ನ ಮುಖ ನೋಡಿದರು. ‘ಸರಿ ಸರ್’ ಎಂದು ಹೋದರು. ವಾದ ಬೇಕಾಗಲೇ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಎಂಬ ಸಂಖ್ಯೆ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಹೊರಡುವಾಗ ಹೆಂಡತಿ, ಬಡಿಸಿದ ಹುಡುಗನ ಕೈಗೆ ಐವತ್ತು ರೂಪಾಯಿ ಇಟ್ಟಳು. ಅದು ಬಿಲ್ಲಿನಲ್ಲಿ ಇರಲಿಲ್ಲ.

ತೆರಿಗೆಯನ್ನು ಮಾತ್ರ ಬೈಯಬೇಡಿ ಎಂದು ಕಸುಬಿನ ಋಣಕ್ಕೆ ಹೇಳುತ್ತೇನೆ. 2017ರ ನವೆಂಬರ್ 15ಕ್ಕೆ ಮುಂಚೆ ಎ.ಸಿ. ಹೋಟೆಲಿನ ಊಟಕ್ಕೆ ಶೇ. 18 ಇತ್ತು. ಈಗ ಮಾಲ್‌ನ ಹೋಟೆಲುಗಳಲ್ಲೂ ಶೇ. 5, ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ಇನ್ನು ಮೊಬೈಲಿನ ರಿಯಾಯಿತಿಗಳು: ಶೇ. 25 ಎಂದು ದಪ್ಪ ಅಕ್ಷರ, ಕೆಳಗೆ ಗರಿಷ್ಠ 200 ಎಂದು ಸಣ್ಣಕ್ಷರ. ಸಿಕ್ಕರೆ ಬಿಡುವುದಿಲ್ಲ. ರಿಯಾಯಿತಿ ಮುಟ್ಟಲು ಇನ್ನೂರು ರೂಪಾಯಿಯ ಐಸ್‌ಕ್ರೀಂ ಮಾತ್ರ ಹೇಳುವುದಿಲ್ಲ.

ಕಳೆದ ತಿಂಗಳು ಸೋದರಮಾವ ಊರಿನಿಂದ ಬಂದಿದ್ದರು. ಮಗನಿಗೆ ಪರೀಕ್ಷೆ, ಅವನ ಬದಲು ಮಾವ ನಮ್ಮ ಜೊತೆ ಹೊರಟರು. ಮಾವ ಪಂಚೆಯವರು. ಹೊಸಿಲಲ್ಲೇ ನಿಂತು, ‘ಒಳಗೆ ಬಿಡುತ್ತಾರೇನೋ?’ ಎಂದರು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರನ್ನು ತಡೆದದ್ದು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ನಾವು ಹೋದ ಕಡೆ ಕಾವಲಿನವರು ನಮಸ್ಕಾರ ಮಾಡಿ ಬಿಟ್ಟರು. ಮಾವ ಪಂಚೆಯ ಅಂಚು ಕೊಡವಿಕೊಂಡು, ಯಾರೋ ಕೊಟ್ಟ ಉಡುಗೊರೆ ನೋಡುವವರ ಹಾಗೆ ಆ ಗಾಜಿನ ಚಾವಣಿಯನ್ನು ನೋಡುತ್ತಾ ಒಳಗೆ ಬಂದರು.

ಊಟ ಹೇಳಿದ್ದು ಅಮ್ಮ. ‘ಎರಡು ಸೂಪು, ನಾಲ್ಕು ಬಟ್ಟಲು. ರೆಗ್ಯುಲರ್ ನೀರು.’ ಸಪ್ಲೈಯರ್ ಅಸ್ಸಾಮಿನ ಹುಡುಗ, ಕನ್ನಡ ಅಷ್ಟಕ್ಕಷ್ಟೇ. ಆದರೂ ‘ಬೈಟು, ಬೈಟು’ ಎಂದು ಎರಡು ಬೆರಳು ತೋರಿಸಿ ನಕ್ಕ. ಸೂಪ್ 300, ಬೇಬಿಕಾರ್ನ್ ಮಂಚೂರಿ 270, ಒಂದು ಪನೀರ್ ಗ್ರೇವಿ 320, ಐದು ರೊಟ್ಟಿ 200, ಜೀರಾ ರೈಸ್ 230. ತೆರಿಗೆ 66. ಒಟ್ಟು 1,386. ಬಿಲ್ ತಂದಿಟ್ಟಾಗ ನಾನು ಕೈಚಾಚುವ ಮುಂಚೆಯೇ ಅಮ್ಮ ಎತ್ತಿಕೊಂಡು, ಕನ್ನಡಕ ಸರಿಪಡಿಸಿ, ಬೆರಳಿಟ್ಟು ಸಾಲುಸಾಲಾಗಿ ಓದಿದಳು. ದುಡ್ಡು ಕೊಟ್ಟ ಮೇಲೆ ಅದನ್ನು ನಾಲ್ಕಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.

‘ಅದೇಕಮ್ಮ?’

‘ತಿಪಟೂರಿನಲ್ಲಿ ನಿನ್ನ ಚಿಕ್ಕಮ್ಮನಿಗೆ ತೋರಿಸಬೇಕು. ಐದು ಜನಕ್ಕೆ ಇಷ್ಟೇ ಎಂದರೆ ನಂಬುವುದಿಲ್ಲ ಅವಳು.’

‘ಊರಿಗೆ ಹೋಗುವುದು ಯುಗಾದಿಗೆ. ಅಷ್ಟರಲ್ಲಿ ಅಕ್ಷರ ಮಾಸಿಹೋಗಿರುತ್ತದೆ.’

ಅಮ್ಮ ಬಿಲ್ಲನ್ನು ಮತ್ತೆ ಹೊರತೆಗೆದು, ತಿರುಗಿಸಿ, ನನ್ನ ಮುಂದೆ ಇಟ್ಟಳು.

‘ಪೆನ್ನು ಇದೆಯಲ್ಲ, ಹಿಂದೆ ಬರೆದುಕೊಡು.’