ಹ್ಯಾಲೋವೀನ್ ಕುಂಬಳಕಾಯಿ ಮಕ್ಕಳ ಕೈಯಲ್ಲಿ: ನಾವು ಮಾಡುವ ಕ್ರಮ

ಅಕ್ಟೋಬರ್ 31ರ ಹ್ಯಾಲೋವೀನ್ ಎಂದರೆ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಟಾಫಿ ತರುವುದು ಎಂದೇ ಹೆಚ್ಚಿನವರ ಲೆಕ್ಕ. ಆ ಸುತ್ತಾಟ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಕುಂಬಳಕಾಯಿ ಹಾಗಲ್ಲ. ಕಾಯಿ ಆರಿಸಬೇಕು, ತಿರುಳು ತೆಗೆಯಬೇಕು, ಒಳಗೆ ದೀಪವಿಡಲು ಮುಖ ಕೊರೆಯಬೇಕು, ಬೀಜ ಹುರಿಯಬೇಕು. ಮೂರ್ನಾಲ್ಕು ಸಂಜೆ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕೂರುವ ಕೆಲಸ ಅದು. ಮೂರು ವರ್ಷದ ಮಗುವಿಗೂ ಹನ್ನೆರಡು ವರ್ಷದ ಮಗುವಿಗೂ ಅದರಲ್ಲಿ ನಿಜವಾದ ಪಾಲಿದೆ. ಯಾರಿಗೆ ಯಾವ ಪಾಲು ಎಂದು ಮೊದಲೇ ಹಂಚಿಕೊಂಡರೆ ಅಳು, ಗಾಯ ಎರಡೂ ಇರುವುದಿಲ್ಲ. ನಾವಿರುವುದು ನ್ಯೂಜೆರ್ಸಿಯಲ್ಲಿ, ಕೆಳಗಿನ ದಿನಗಳ ಲೆಕ್ಕ ಇಲ್ಲಿನ ಚಳಿಗೆ ಹೊಂದುವಂಥದ್ದು.

ಮೊದಲು ದಿನದ ಲೆಕ್ಕ. ಇಡೀ ಕಾಯಿಯನ್ನು ತಂಪಾದ, ಒಣ ಜಾಗದಲ್ಲಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಒಮ್ಮೆ ಕತ್ತರಿಸಿದರೆ ನಾಲ್ಕೈದು ದಿನ ಬಾಳಿದರೆ ಹೆಚ್ಚು. ಬಿಸಿಲಿರುವ ಟೆಕ್ಸಾಸ್, ದಕ್ಷಿಣ ಕ್ಯಾಲಿಫೋರ್ನಿಯಾದ ಕಡೆ ಎರಡೇ ದಿನಕ್ಕೆ ಬೂಸ್ಟು ಹಿಡಿಯುವುದೂ ಉಂಟು. ಹಾಗಾಗಿ ಕಾಯಿ ತರುವುದು ಅಕ್ಟೋಬರ್ ಮೂರನೇ ವಾರ, ಕೊರೆಯುವುದು 29ರ ಸಂಜೆ. ಉತ್ಸಾಹಕ್ಕೆ ತಿಂಗಳ ಮೊದಲಲ್ಲೇ ಕೊರೆದವರ ಮನೆಯ ಮೆಟ್ಟಿಲ ಮೇಲೆ 31ರಂದು ಇರುವುದು ಬಾಯಿ ಒಳಕ್ಕೆ ಸೇದಿಕೊಂಡ ಮುದಿ ಮುಖ.

ಆರಿಸುವಾಗ ಕೆತ್ತುವ ಜಾತಿಯನ್ನೇ ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಹೊವ್ಡನ್ ಎಂಬ ತಳಿ ಸಾಮಾನ್ಯ. ಅದರ ಗೋಡೆ ತೆಳು, ಒಳಗೆ ಟೊಳ್ಳು ಹೆಚ್ಚು, ತೊಟ್ಟು ದಪ್ಪ. ಪಕ್ಕದಲ್ಲೇ ಇಟ್ಟಿರುವ ಚಿಕ್ಕ ಶುಗರ್ ಪೈ ಕುಂಬಳ ಅಡುಗೆಯದು; ಗೋಡೆ ದಪ್ಪ, ಗಟ್ಟಿ, ಮಕ್ಕಳಿಂದ ಕೊರೆಯಲು ಆಗದು. ಹತ್ತರಿಂದ ಹದಿನಾಲ್ಕು ಪೌಂಡ್, ಅಂದರೆ ಸುಮಾರು ನಾಲ್ಕೂವರೆಯಿಂದ ಆರೂವರೆ ಕಿಲೋ ತೂಕದ ಕಾಯಿ ಸರಿಯಾದ ಅಳತೆ. ಅದಕ್ಕಿಂತ ಚಿಕ್ಕದಾದರೆ ಒಳಗೆ ಕೈ ಆಡುವುದಿಲ್ಲ. ನೆಲದ ಮೇಲಿಟ್ಟು ನೋಡಿ, ಅಲುಗಾಡಬಾರದು. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ತಳದಲ್ಲಿ, ತೊಟ್ಟಿನ ಸುತ್ತ ಬೆರಳಿನಿಂದ ಒತ್ತಿ, ಎಲ್ಲಾದರೂ ಮೆತ್ತಗಿದ್ದರೆ ಬಿಡಿ. ತೊಟ್ಟು ಹಿಡಿದು ಎತ್ತಲು ಮಕ್ಕಳಿಗೆ ಬಿಡಬೇಡಿ. ತೊಟ್ಟು ಮುರಿದ ಗಾಯದಿಂದಲೇ ಕೊಳೆ ಒಳಕ್ಕೆ ಇಳಿಯುತ್ತದೆ. ಎರಡೂ ಅಂಗೈ ತಳಕ್ಕೆ ಕೊಟ್ಟು ಎತ್ತಬೇಕು.

ಈ ಕಾಯಿ ಪಲ್ಯಕ್ಕೆ, ಹುಳಿಗೆ ಆಗುತ್ತದೆಯೇ ಎಂದು ಊರಿಂದ ಬಂದ ಅಜ್ಜಿಯರು ಕೇಳಿಯೇ ಕೇಳುತ್ತಾರೆ. ತಿನ್ನಬಹುದು, ಆದರೆ ನೀರು ಹೆಚ್ಚು, ನಾರು ಹೆಚ್ಚು, ರುಚಿ ಇಲ್ಲ. ಹುಳಿಗೆ ಶುಗರ್ ಪೈ ಬೇರೆ ತನ್ನಿ. ದೀಪ ಹಚ್ಚಿ ಹೊರಗಿಟ್ಟ ಕಾಯಿಯನ್ನಂತೂ ಅಡುಗೆಮನೆಗೆ ಮತ್ತೆ ತರಲೇಬಾರದು.

ಇನ್ನು ಕತ್ತರಿಸುವ ಕೆಲಸ. ಹೆಚ್ಚಿನವರು ತೊಟ್ಟಿನ ಸುತ್ತ ಮೇಲಿನಿಂದ ಮುಚ್ಚಳ ತೆಗೆಯುತ್ತಾರೆ. ನಾವು ಮಾಡುವುದು ತಳದಿಂದ. ತೊಟ್ಟು ಹಾಗೇ ಉಳಿದರೆ ತಲೆಭಾಗ ಬೇಗ ಒಣಗಿ ಕುಸಿಯುವುದಿಲ್ಲ; ದೀಪವನ್ನು ನೆಲಕ್ಕಿಟ್ಟು ಕಾಯಿಯನ್ನು ಅದರ ಮೇಲೆ ಬೋರಲು ಹಾಕಿದರಾಯಿತು. ಇದು ಬ್ಯಾಟರಿ ದೀಪಕ್ಕೆ ಮಾತ್ರ ಹೇಳಿದ ಮಾತು. ಮೇಣದ ಬತ್ತಿಯಾದರೆ ಬಿಸಿ ಹೊರಹೋಗಲು ಮೇಲೆ ತೂತು ಬೇಕೇ ಬೇಕು. ಮೇಲಿನಿಂದ ಮುಚ್ಚಳ ಕತ್ತರಿಸುವುದಾದರೆ ಗರಗಸವನ್ನು ಒಳಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹಿಡಿಯಿರಿ. ನೇರ ಕೊಯ್ದರೆ ಮುಚ್ಚಳ ಮಾರನೇ ದಿನ ಒಣಗಿ ಚಿಕ್ಕದಾಗಿ ಒಳಗೆ ಬಿದ್ದುಹೋಗುತ್ತದೆ. ಹಿಂಭಾಗದಲ್ಲಿ ಒಂದು ವಿ ಆಕಾರದ ಕಚ್ಚು ಹಾಕಿದರೆ ಮುಚ್ಚಳ ಕೂರುವ ದಿಕ್ಕು ಮಕ್ಕಳಿಗೂ ಗೊತ್ತಾಗುತ್ತದೆ.

ಈ ಮೊದಲ ಕೊಯ್ತ ದೊಡ್ಡವರದ್ದೇ. ಆದರೆ ದೊಡ್ಡವರೂ ಅಡುಗೆಯ ದೊಡ್ಡ ಚಾಕು ಹಿಡಿಯಬಾರದು. ಸಿಪ್ಪೆ ಗಟ್ಟಿ, ಒಳಗೆ ಒದ್ದೆ. ಅಲಗು ನಡುವೆ ಸಿಕ್ಕಿಕೊಳ್ಳುತ್ತದೆ, ಬಲವಾಗಿ ಎಳೆದಾಗ ತಟ್ಟನೆ ಜಾರಿ ಬರುತ್ತದೆ. ಕಾಯಿ ಹಿಡಿದ ಎಡಗೈಗೆ ಆಗುವ ಗಾಯಗಳು ಹೆಚ್ಚಾಗಿ ಹೀಗೆ ಆದವು. ಅಂಗಡಿಯಲ್ಲಿ ಸಿಗುವ ಕೆತ್ತನೆ ಕಿಟ್‌ನ ಪುಟ್ಟ ಗರಗಸ ಮೊಂಡಾಗಿ ಕಾಣುತ್ತದೆ, ಅದೇ ಅದರ ಗುಣ. ಹಲ್ಲುಗಳು ಕುಂಬಳವನ್ನು ಕೊಯ್ಯುತ್ತವೆ, ಬೆರಳನ್ನು ಅಷ್ಟು ಸುಲಭವಾಗಿ ಕೊಯ್ಯುವುದಿಲ್ಲ.

ತಿರುಳು ತೆಗೆಯುವುದು ಚಿಕ್ಕ ಮಕ್ಕಳ ಪಾಲು. ತೋಳು ಮೇಲಕ್ಕೆ ಮಡಚಿ, ಕೆಳಗೆ ಹಳೆಯ ಪೇಪರ್ ಹಾಸಿ, ಮೊದಲು ಕೈಯಿಂದಲೇ ಬೀಜ, ನಾರು ಎಳೆಯಲಿ. ತಣ್ಣಗೆ, ಲೋಳೆಯಾಗಿ ಬೆರಳ ಸಂದಿಗೆ ಬರುವ ಆ ನಾರನ್ನು ಕೆಲವು ಮಕ್ಕಳು ಮುಟ್ಟಲಾರರು. ಅಂಥವರಿಗೆ ಬೀಜ ಎಣಿಸುವ ಕೆಲಸ ಕೊಡಿ, ಬಲವಂತ ಬೇಡ. ಆಮೇಲೆ ಗೋಡೆ ಕೆರೆಯಬೇಕು. ಇದಕ್ಕೆ ಕಿಟ್‌ನ ಪ್ಲಾಸ್ಟಿಕ್ ಚಮಚ ಎರಡೇ ನಿಮಿಷಕ್ಕೆ ಮುರಿಯುತ್ತದೆ. ಐಸ್‌ಕ್ರೀಮ್ ತೆಗೆಯುವ ಸ್ಟೀಲ್ ಚಮಚ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ನಮ್ಮ ಮನೆಗಳಲ್ಲಿರುವ, ಕೈಯಲ್ಲಿ ಹಿಡಿದು ಕಾಯಿ ತುರಿಯುವ ಹಲ್ಲಿನ ತುರಿಯುವಣೆ. ಅದನ್ನು ಮಾತ್ರ ದೊಡ್ಡವರೇ ಹಿಡಿಯಬೇಕು. ಮುಖ ಬರುವ ಕಡೆ ಗೋಡೆ ಒಂದು ಇಂಚಿಗೆ ಇಳಿಯುವವರೆಗೆ ಕೆರೆಯಿರಿ. ದಪ್ಪ ಬಿಟ್ಟರೆ ಗರಗಸ ಓಡದು, ಬೆಳಕೂ ಹೊರಬಾರದು. ಮುಕ್ಕಾಲು ಇಂಚಿಗಿಂತ ತೆಳುವಾದರೆ ಎರಡನೇ ದಿನಕ್ಕೆ ಬಾಗುತ್ತದೆ. ಅಳೆಯಲು ಹೊರಗಿನಿಂದ, ಕಣ್ಣು ಬರುವ ಜಾಗದಲ್ಲಿ ಒಂದು ಗುಂಡುಸೂಜಿ ಚುಚ್ಚಿ ನೋಡಿ.

ಚಿತ್ರವನ್ನು ಮಕ್ಕಳು ಕಾಗದದ ಮೇಲೆ ಬರೆಯಲಿ, ಪೂರ್ಣ ಅಳತೆಯಲ್ಲಿ. ಅದನ್ನು ಟೇಪಿನಿಂದ ಅಂಟಿಸಿ, ಗೆರೆಯ ಮೇಲೆ ಮೂರು ನಾಲ್ಕು ಮಿಲಿಮೀಟರಿಗೆ ಒಂದರಂತೆ ಸೂಜಿಯಿಂದ ಚುಚ್ಚುವುದು ಆರೇಳು ವರ್ಷದವರ ಕೆಲಸ. ಕಾಗದ ತೆಗೆದಾಗ ತೂತುಗಳು ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ಅಕ್ಕಿಹಿಟ್ಟು ಸವರಿ ಒರೆಸಿ. ಕಿತ್ತಳೆ ಸಿಪ್ಪೆಯ ಮೇಲೆ ಬಿಳಿ ಚುಕ್ಕಿಗಳು ಸಾಲಾಗಿ ಎದ್ದು ಬರುತ್ತವೆ, ಥೇಟ್ ಚುಕ್ಕಿ ರಂಗೋಲಿ. ಇನ್ನು ಗರಗಸ ಚುಕ್ಕಿಯಿಂದ ಚುಕ್ಕಿಗೆ ಹೋಗಬೇಕು ಅಷ್ಟೇ.

ಚಿತ್ರ ಬರೆಯುವಾಗಲೇ ಒಂದು ನಿಯಮ ಹೇಳಿಕೊಡಿ: ಕತ್ತರಿಸಿ ತೆಗೆಯುವ ಎರಡು ಭಾಗಗಳ ನಡುವೆ ಕನಿಷ್ಠ ಒಂದು ಇಂಚು ಸಿಪ್ಪೆ ಉಳಿಯಬೇಕು. ಕಣ್ಣಿನೊಳಗಿನ ಗುಡ್ಡೆಯನ್ನು ಮಕ್ಕಳು ಸುತ್ತಲೂ ಬಿಡಿಸಿ ಬರೆಯುತ್ತಾರೆ. ಹಾಗೆ ಕೊರೆದರೆ ಗುಡ್ಡೆ ಕೆಳಗೆ ಬೀಳುತ್ತದೆ, ಮಗು ಅಳುತ್ತದೆ. ಗುಡ್ಡೆ ಒಂದು ಕಡೆಯಾದರೂ ಅಂಚಿಗೆ ಅಂಟಿಕೊಂಡಿರಲಿ. ಕೊರೆಯುವ ಕ್ರಮವೂ ಮುಖ್ಯ. ಮೂಗು, ಕಣ್ಣು ಮೊದಲು, ಬಾಯಿ ಕೊನೆಗೆ. ದೊಡ್ಡ ಬಾಯಿ ಮೊದಲು ತೆಗೆದರೆ ಗೋಡೆಯ ಬಲ ಹೋಗಿ, ಕಣ್ಣು ಕೊರೆಯುವಾಗ ಕೆನ್ನೆ ಸೀಳುತ್ತದೆ. ಗರಗಸ ಸಿಪ್ಪೆಗೆ ನೇರವಾಗಿರಲಿ, ಮೇಲೆ ಕೆಳಗೆ ಮೆಲ್ಲಗೆ ಆಡಲಿ. ತಿರುಚಿದರೆ ಅಲಗು ಮುರಿಯುತ್ತದೆ. ಮೂಲೆಗಳಲ್ಲಿ ಗರಗಸ ಹೊರತೆಗೆದು ಮತ್ತೆ ಚುಚ್ಚಿ ತಿರುಗಿ. ತುಂಡು ಹೊರಬರದಿದ್ದರೆ ಒಳಗಿನಿಂದ ಬೆರಳಿನಿಂದ ಒತ್ತಿ. ಹಲ್ಲು ಮುರಿದುಬಿತ್ತೆಂದರೆ ಟೂತ್‌ಪಿಕ್‌ ಅರ್ಧಕ್ಕೆ ಮುರಿದು ಎರಡೂ ಕಡೆ ಚುಚ್ಚಿ ಜೋಡಿಸಿ, ಬೆಳಕಿನಲ್ಲಿ ಕಾಣುವುದಿಲ್ಲ. ಹತ್ತು ದಾಟಿದವರಿಗೆ ಗರಗಸ ಕೊಡುತ್ತೇವೆ, ಪಕ್ಕದಲ್ಲಿ ಕುಳಿತು, ಒಮ್ಮೆಗೆ ಒಬ್ಬರಿಗೆ.

ಮುಖ ಯಾಕೆ ಎಂದು ಮಕ್ಕಳು ಕೇಳಿದರೆ ಹೇಳಲು ಒಳ್ಳೆಯ ಕಥೆಯೇ ಇದೆ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಟರ್ನಿಪ್ ಗಡ್ಡೆ ಕೊರೆದು ದುಷ್ಟಶಕ್ತಿ ಓಡಿಸಲು ದೀಪ ಇಡುತ್ತಿದ್ದರು; ವಲಸೆ ಬಂದವರಿಗೆ ಅಮೆರಿಕದಲ್ಲಿ ದೊಡ್ಡದಾದ, ಕೊರೆಯಲು ಹಗುರವಾದ ಕುಂಬಳ ಸಿಕ್ಕಿತು. ಬೆಂಗಳೂರಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಕೋರೆಹಲ್ಲು ಬರೆದ ಬೂದುಗುಂಬಳ ತೂಗುವುದನ್ನು ನೋಡಿದ ಮಗುವಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಕೊರೆದ ಮೇಲೆ ಕೊಳೆಯದಂತೆ ಮಾಡುವುದು ದೊಡ್ಡವರ ಕೆಲಸ, ಮಕ್ಕಳು ದೂರವಿರಲಿ. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದು ಟೇಬಲ್ ಚಮಚ ಬ್ಲೀಚ್ ಬೆರೆಸಿ, ಕೈಗವಸು ಹಾಕಿ ಒಳಗೂ ಅಂಚುಗಳಿಗೂ ಸಿಂಪಡಿಸಿ, ಬೋರಲು ಹಾಕಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಕೊಯ್ದ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ನೀರಾರುವುದು ನಿಧಾನವಾಗುತ್ತದೆ. ವ್ಯಾಸಲೀನ್ ಹತ್ತಿಕೊಳ್ಳುವ ವಸ್ತು. ಮೇಣದ ಬತ್ತಿ ಇಡುವ ಕಾಯಿಗೆ ಬೇಡ. ಸುಕ್ಕಾದ ಕಾಯಿಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ಮುಳುಗಿಸಿದರೆ ಮತ್ತೆ ಬಿಗಿಯಾಗುತ್ತದೆ. ಹಿಮ ಬೀಳುವ ರಾತ್ರಿ ಗ್ಯಾರೇಜಿಗೆ ತನ್ನಿ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಉಳಿಯುವುದಿಲ್ಲ.

ನಮ್ಮ ಕಾಯಿಗಳಲ್ಲಿ ಬೆಂಕಿ ಇಡುವುದನ್ನು ನಿಲ್ಲಿಸಿದ್ದೇವೆ. ವೇಷದ ಉದ್ದ ಲಂಗ, ಪಂಚೆ, ಸೆರಗು ಮೆಟ್ಟಿಲ ಮೇಲಿನ ಉರಿಗೆ ತಾಗಲು ಒಂದು ಕ್ಷಣ ಸಾಕು. ಬ್ಯಾಟರಿ ದೀಪದಲ್ಲೂ ಎಚ್ಚರ ಬೇಕು. ಆ ಪುಟ್ಟ ದೀಪಗಳಲ್ಲಿರುವುದು ಹೆಚ್ಚಾಗಿ ನಾಣ್ಯದಂಥ ಸಿಆರ್2032 ಬ್ಯಾಟರಿ. ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಮುಚ್ಚಳಕ್ಕೆ ಸ್ಕ್ರೂ ಇರುವ ದೀಪವನ್ನೇ ಕೊಳ್ಳಿ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆರರೊಳಗಿನ ಮಕ್ಕಳಿಗೆ ಅಂಗೈಯಗಲದ ಮಿನಿ ಕುಂಬಳ ತಂದು ಬಣ್ಣ ಹಚ್ಚಿಸುವುದು ಸುಲಭದ ದಾರಿ. ಸಿಪ್ಪೆ ಮೇಣದಂತೆ ನುಣುಪು. ಮೊದಲು ವಿನಿಗರ್ ಬಟ್ಟೆಯಿಂದ ಒರೆಸಿ ಒಣಗಿಸದಿದ್ದರೆ ಬಣ್ಣ ಹಪ್ಪಳವಾಗಿ ಏಳುತ್ತದೆ. ನೀರಿನಲ್ಲಿ ತೊಳೆದುಹೋಗುವ ಶಾಲೆಯ ಬಣ್ಣ ನಿಲ್ಲುವುದಿಲ್ಲ, ಅಕ್ರಿಲಿಕ್ ನಿಲ್ಲುತ್ತದೆ. ಕತ್ತರಿಸದ ಕಾಯಾದ್ದರಿಂದ ವಾರಗಟ್ಟಲೆ ಇರುತ್ತದೆ. ಎರಡಕ್ಕೆ ಅರಿಶಿನ ಕುಂಕುಮದ ಬಣ್ಣ ಹಚ್ಚಿಟ್ಟರೆ ಮಾರನೇ ದಿನದ ರಾಜ್ಯೋತ್ಸವಕ್ಕೂ ಆಗುತ್ತವೆ.

ಬೀಜಕ್ಕೆ ಬರೋಣ. ನಾರು ಬಿಡಿಸಲು ದೊಡ್ಡ ಪಾತ್ರೆಯ ನೀರಿಗೆ ಹಾಕಿ ಕಲಕಿ, ಬೀಜ ತೇಲುತ್ತದೆ. ನಾಲ್ಕು ಕಪ್ ನೀರಿಗೆ ಎರಡು ಟೇಬಲ್ ಚಮಚ ಉಪ್ಪು ಹಾಕಿ, ಒಂದು ಕಪ್ ಬೀಜವನ್ನು ಹತ್ತು ನಿಮಿಷ ಕುದಿಸಿ ಸೋಸಿ. ಕುದಿಸದೆ ಹುರಿದರೆ ಉಪ್ಪು ಹೊರಗೇ ಉಳಿಯುತ್ತದೆ, ಹೊಟ್ಟು ಜಗಿಯಲು ಬಾರದು. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಎರಡು ಟೀ ಚಮಚ ಎಣ್ಣೆ ಸವರಿ, ಒಂದೇ ಪದರವಾಗಿ ಹರಡಿ, 350 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 175 ಸೆಲ್ಸಿಯಸ್) ಓವನ್‌ನಲ್ಲಿ ಹದಿನೈದು ನಿಮಿಷ. ನಡುವೆ ಒಮ್ಮೆ ತಿರುವಿ. ಅಚ್ಚ ಖಾರದಪುಡಿ, ಇಂಗು, ಕರಿಬೇವು ಕೊನೆಯ ಮೂರು ನಿಮಿಷಕ್ಕೆ. ಮೊದಲೇ ಹಾಕಿದರೆ ಖಾರ ಸೀದು ಮನೆಯೆಲ್ಲ ಘಾಟು. ನಾಲ್ಕರೊಳಗಿನ ಮಕ್ಕಳಿಗೆ ಇದನ್ನು ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

31ರ ಸಂಜೆ ಇಲ್ಲಿ ಆರು ಗಂಟೆಗೆ ಸ್ವಲ್ಪ ಮೊದಲೇ ಸೂರ್ಯ ಮುಳುಗುತ್ತಾನೆ. ಐದೂವರೆಗೆ ಹೊರಟು ಎಂಟರೊಳಗೆ ಮರಳುವುದು ವಾಡಿಕೆ. ಬಾಗಿಲ ದೀಪ ಉರಿಯುತ್ತಿದ್ದರೆ ಆ ಮನೆಗೆ ಹೋಗಬಹುದು, ಆರಿದ್ದರೆ ಹೋಗಬಾರದು. ವೇಷ ಕಣಕಾಲಿಗಿಂತ ಕೆಳಗಿಳಿಯಬಾರದು, ಒಳಗೆ ಸ್ವೆಟರ್ ಹಿಡಿಯುವಷ್ಟು ಸಡಿಲ ಬೇಕು. ಇಲ್ಲವಾದರೆ ಚಳಿಗೆ ಜಾಕೆಟ್ ಮೇಲೆ ಹಾಕಿ ವೇಷವೇ ಮುಚ್ಚಿಹೋಗುತ್ತದೆ. ಮುಖವಾಡ ಪಕ್ಕದ ನೋಟವನ್ನು ಮುಚ್ಚುತ್ತದೆ, ರಸ್ತೆ ದಾಟುವಾಗ ಬೇಕಾದದ್ದೇ ಆ ನೋಟ. ಮುಖಕ್ಕೆ ಬಣ್ಣ ಬಳಿಯಿರಿ; ಹಿಂದಿನ ದಿನ ಮುಂಗೈಗೆ ಹಚ್ಚಿ ತುರಿಕೆ ಬರುವುದೇ ನೋಡಿ. ಬೆನ್ನಿಗೆ, ಚೀಲಕ್ಕೆ ಹೊಳೆಯುವ ಟೇಪು ಅಂಟಿಸಿ.

ಮನೆಗೆ ಬರುವ ಮಕ್ಕಳಿಗೆ ಎರಡು ಬಟ್ಟಲಿಡಿ: ಒಂದರಲ್ಲಿ ಟಾಫಿ, ಇನ್ನೊಂದರಲ್ಲಿ ಪೆನ್ಸಿಲ್, ಸ್ಟಿಕ್ಕರ್. ಅಲರ್ಜಿ ಇರುವ ಮಕ್ಕಳಿಗೆ ತಿನಿಸಲ್ಲದ ವಸ್ತು ಇದೆ ಎಂದು ತಿಳಿಸಲು ಹಸಿರು ನೀಲಿ ಬೆರೆತ ಟೀಲ್ ಬಣ್ಣದ ಕುಂಬಳವನ್ನು ಬಾಗಿಲಲ್ಲಿಡುವ ಪದ್ಧತಿ 2014ರಿಂದ ದೇಶದಾದ್ಯಂತ ಇದೆ. ಶೇಂಗಾ ಅಲರ್ಜಿಯ ಮಗುವಿಗೆ ನಿರಾಳವಾಗಿ ಕೈಚಾಚಲು ಸಿಗುವ ಮನೆಗಳು ಅವು.

ಸಸ್ಯಾಹಾರಿ ಮನೆಯವರು ತಂದ ಚೀಲವನ್ನು ಸುರಿದು ವಿಂಗಡಿಸಬೇಕಾಗುತ್ತದೆ. ಹೆಚ್ಚಿನ ಗಮ್ಮಿಗಳಲ್ಲಿ (ಜಗಿಯುವ ಮೆದು ಟಾಫಿ), ಮಾರ್ಷ್‌ಮ್ಯಾಲೋದಲ್ಲಿ, ಕ್ಯಾಂಡಿ ಕಾರ್ನ್‌ನಲ್ಲಿ, ಅಮೆರಿಕದ ಸ್ಟಾರ್‌ಬರ್ಸ್ಟ್‌ನಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಸ್ಕಿಟಲ್ಸ್, ಸೋರ್ ಪ್ಯಾಚ್ ಕಿಡ್ಸ್, ಸ್ವೀಡಿಷ್ ಫಿಶ್‌ಗಳಲ್ಲಿ ಜೆಲಟಿನ್ ಇಲ್ಲ. ಒಂದೊಂದು ಪುಟ್ಟ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಇರದಿರಬಹುದು. ನಾವು ಕೊಳ್ಳುವ ದೊಡ್ಡ ಚೀಲದ ಪಟ್ಟಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ವಿಂಗಡಿಸುವಾಗ ನೆರವಾಗುತ್ತದೆ.

ಹೆಚ್ಚಾದ ಸ್ಕಿಟಲ್ಸ್ ನವೆಂಬರ್ 1ರ ಆಟಕ್ಕೆ. ಬಿಳಿ, ಚಪ್ಪಟೆ ತಟ್ಟೆಯ ಅಂಚಿನ ಸುತ್ತ ಬಣ್ಣ ಬದಲಿಸುತ್ತ ಇಪ್ಪತ್ತೈದರಷ್ಟು ಜೋಡಿಸಿ, ನಡುವೆ ಉಗುರು ಬೆಚ್ಚಗಿನ ನೀರು ನಿಧಾನ ಸುರಿಯಿರಿ, ಟಾಫಿಯ ಅರ್ಧಕ್ಕೆ ಬರುವಷ್ಟು. ಒಂದೆರಡು ನಿಮಿಷದಲ್ಲಿ ಬಣ್ಣಗಳು ಒಂದಕ್ಕೊಂದು ಬೆರೆಯದೆ ಪಟ್ಟೆಪಟ್ಟೆಯಾಗಿ ನಡುವಿಗೆ ಸಾಗುತ್ತವೆ. ಮೇಜು ಅಲುಗಿದರೆ ಎಲ್ಲ ಕಲಸಿಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಟಾಫಿಗಳ ಮೇಲೆ ಅಚ್ಚಾಗಿರುವ, ನೀರಿನಲ್ಲಿ ಕರಗದ ಎಸ್ ಅಕ್ಷರಗಳು ಸಿಪ್ಪೆಯಂತೆ ಬಿಟ್ಟು ತೇಲುತ್ತವೆ.

ಹಳೆಯ ಕಾಯಿಗೂ ಒಂದು ಆಟ ಉಳಿದಿದೆ. ಅಂಗಳಕ್ಕೆ ಒಯ್ದು, ಒಳಗೊಂದು ಲೋಟವಿಟ್ಟು, ಅದರಲ್ಲಿ ಕಾಲು ಕಪ್ ಅಡುಗೆ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ಸೋಪು ಹಾಕಿ, ಅರ್ಧ ಕಪ್ ವಿನಿಗರ್ ಸುರಿಯಿರಿ. ನೊರೆ ಬಾಯಿಂದ ಕಕ್ಕುತ್ತದೆ. ಬ್ಲೀಚ್ ಸಿಂಪಡಿಸಿದ ಕಾಯಿಯಲ್ಲಿ ಇದನ್ನು ಮಾಡಲೇಬೇಡಿ, ಬ್ಲೀಚಿಗೆ ವಿನಿಗರ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಈ ಆಟಕ್ಕೆಂದೇ ಒಂದು ಕಾಯಿಯನ್ನು ಏನೂ ಹಚ್ಚದೆ ಬೇರೆ ಇಡುತ್ತೇವೆ. ಮುಗಿದ ಮೇಲೆ ದೀಪ, ಟೂತ್‌ಪಿಕ್ ತೆಗೆದು, ಬಣ್ಣವಿಲ್ಲದ ಕಾಯಿಗಳನ್ನು ನೀರಿನಲ್ಲಿ ತೊಳೆದು, ಸನಿಕೆಯಿಂದ ತುಂಡು ಮಾಡಿ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಒಣ ಎಲೆ ಮುಚ್ಚಿ. ಬೀಜ ಒಂದೂ ಉಳಿಯದಂತೆ ನೋಡಿ, ಇಲ್ಲದಿದ್ದರೆ ಜೂನ್‌ನಲ್ಲಿ ಗುಂಡಿಯ ತುಂಬ ಕುಂಬಳದ ಬಳ್ಳಿ.